ಎರಡನೆಯ ಇಯತ್ತೆಯ ಜೋಡಿಗಳು

“ಇಪ್ಪತ್ತೆಂಟು.” ಪೂರ್ಣಿಮಾ ಕೊನೆಯ ಮಗುವಿನ ತಲೆ ಮುಟ್ಟಿ, ಮತ್ತೆ ಮೊದಲಿನಿಂದ ಎಣಿಸಿದಳು. ಇಪ್ಪತ್ತೆಂಟೇ. ಸಾಲೆಯಿಂದ ಹೊರಟಾಗ ಎರಡನೆಯ ಇಯತ್ತೆಯ ಇಪ್ಪತ್ತೊಂಬತ್ತು ಮಕ್ಕಳಿದ್ದರು.

ಮೂವತ್ತೊಂದು ವರ್ಷ ಖಾನಾಪುರದ ಆ ಸಾಲೆಯಲ್ಲೇ ಕಲಿಸಿದ ಕಾಂತಾ ಅಕ್ಕೋರ ಕೊನೆಯ ದರ್ಶನಕ್ಕೆ ಮಕ್ಕಳನ್ನು ಅವರ ಮನೆಯ ಓಣಿಗೆ ಕರೆತಂದಿದ್ದರು. ಅಕ್ಕೋರನ್ನು ಕೂರಿಸಿಕೊಂಡು ಮೆರವಣಿಗೆ ಆಗಲೇ ರುದ್ರಭೂಮಿಗೆ ಹೊರಟುಹೋಗಿತ್ತು. ಓಣಿಯ ಒಂದು ತುದಿಗೆ ಗೋವಾ ಹೆದ್ದಾರಿಯ ಲಾರಿಗಳು. ಇನ್ನೊಂದು ತುದಿಯಲ್ಲಿ ಇಳಿದರೆ ಮಲಪ್ರಭೆ.

“ಯಾರ ಇಲ್ಲ, ನೋಡಿ ಹೇಳ್ರಿ!”

ಮಕ್ಕಳು ಮುಖ ಮುಖ ನೋಡಿಕೊಂಡರು.

“ಹಾಜರಿ ಪುಸ್ತಕ ಎಲ್ಲೈತ್ರಿ?” ಹೆಡ್‌ಮಾಸ್ತರ ಗುರುಪುತ್ರಪ್ಪ ಏದುಸಿರು ಬಿಡುತ್ತ ಬಂದರು.

“ಸಾಲ್ಯಾಗ ಐತ್ರಿ.”

“ಅಲ್ಲಿದ್ರ ಏನ್ ಉಪ್ಪಿನಕಾಯಿ ಹಾಕೂದ? ಬಿ.ಎಸ್ಸಿ. ಮಾಡೀರಿ, ಇಪ್ಪತ್ತೊಂಬತ್ತ ಕೂಸ ಸಂಭಾಳಸಾಕ ಬರೂದಿಲ್ಲ!” ಅವರು ಹೊಳೆಯತ್ತ ಓಡಿದರು.

ಬಿಸಿಯೂಟದ ಬಾಳವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. “ಅಕ್ಕೋರು ಒಂದ ದಿನಾನೂ ಒಂದ ಕೂಸು ಕಳಕೊಂಡಿಲ್ಲ. ಆಕಿ ಹಾಕಿದ ಜೋಡಿ ಯಾಕರ ಮುರದಿಯವ್ವಾ?”

*

ತಿಂಗಳ ಹಿಂದೆ ಶಹಾಪುರದಿಂದ ಅತಿಥಿ ಶಿಕ್ಷಕಿಯಾಗಿ ಬಂದ ಮೊದಲ ದಿನ ಪೂರ್ಣಿಮಾಳಿಗೆ ಆ ಸಾಲು ವಿಚಿತ್ರವಾಗಿ ಕಂಡಿತ್ತು. ಗಿಡ್ಡ, ಉದ್ದ, ಎಲ್ಲ ಕಲಸುಮೇಲೋಗರ. ಮನೆಯಲ್ಲಿ ಮರಾಠಿ ಆಡುವ ಮಗುವಿನ ಬಾಜೂ ಕನ್ನಡ ಆಡುವ ಮಗು, ವರ್ಷವಿಡೀ ಅದೇ ಜೋಡಿ. ನೀರಿಗೆ, ಊಟಕ್ಕೆ, ಎಲ್ಲಿಗೆ ಹೋದರೂ ಜೋಡಿ ಬರುವ ತನಕ ಜಾಗ ಬಿಡುವಂತಿಲ್ಲ. ನೆಲದಿಂದ ಎದ್ದರೆ ಒಬ್ಬರ ಬಟ್ಟೆಯ ಮಣ್ಣನ್ನು ಇನ್ನೊಬ್ಬರು ಕೊಡವಬೇಕು.

“ಇಷ್ಟ ಕೂಸ ನನ್ನೊಬ್ಬಾಕಿ ಕಣ್ಣಿಗೆ ಹಿಡಿಯೂದಿಲ್ಲ ತಂಗಿ,” ಎಂದಿದ್ದರು ಕಾಂತಾ ಅಕ್ಕೋರು, ಎದೆ ನೀವಿಕೊಳ್ಳುತ್ತ. “ಒಂದ ಕೂಸಿನ ಕಣ್ಣಿಗೆ ಒಂದ ಕೂಸು ಹಿಡೀತೈತಿ.”

ಅಕ್ಕೋರು ಬೆಳಗಾವಿಯ ಆಸ್ಪತ್ರೆ ಸೇರಿದ ವಾರವೇ ಪೂರ್ಣಿಮಾ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸಿದಳು. ಮೂರು ದಿನ ಅವು ಹಳೆಯ ಜಾಗಗಳಿಗೇ ಜಾರಿದವು. ನಾಲ್ಕನೆಯ ದಿನ ಗದರಿದಳು. ಆಮೇಲೆ ಸಾಲು ಪಟ್ಟಿ ಹಿಡಿದು ಎಳೆದಷ್ಟು ನೆಟ್ಟಗಾಯಿತು.

ನೋಡಲು ಹೋದಾಗ ಅಕ್ಕೋರು ಕೇಳಿದ್ದು ಒಂದೇ. “ಜೋಡಿ ಹೆಂಗದಾವ?”

“ಛಲೋ ಅದಾವ್ರಿ,” ಎಂದಿದ್ದಳು ಪೂರ್ಣಿಮಾ.

*

“ಮೊದಲಿನ ಜೋಡಿ ನಿಂದರ್ರಿ!” ಓಣಿಯಲ್ಲಿ ಪೂರ್ಣಿಮಾ ಕೂಗಿದಳು.

ನೆಟ್ಟಗಿದ್ದ ಸಾಲು ಚೆದುರಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಹದಿನಾಲ್ಕು ಜೋಡಿಗಳು ಕೈ ಹಿಡಿದು ನಿಂತವು. ಪೂರ್ಣಿಮಾ ಜೋಡಿಗಳನ್ನು ಮತ್ತೆ ಎಣಿಸಿದಳು. ಒಬ್ಬರು ಕಳೆದಿದ್ದರೆ ಒಬ್ಬರಾದರೂ ಒಂಟಿ ಉಳಿಯಬೇಕಲ್ಲ?

“ಎಲ್ಲಾರ ಜೋಡಿ ಐತಿ?”

“ಐತ್ರೀ!”

ಆಗ ಮುಗ್ಧಾ ಎಂಬ ಹುಡುಗಿ ಸುತ್ತ ನೋಡಿದಳು. “ಸಮೃದ್ಧಿ ಇಲ್ರಿ.”

“ಆಕಿ ಜೋಡಿ ಯಾರು?”

“ಕಾಂತಾ ಅಕ್ಕೋರು. ಎಲ್ಲಾರ ಜೋಡಿ ಆದಮ್ಯಾಲ ಆಕಿ ಒಬ್ಬಾಕೀನ ಉಳಿದಿದ್ಲರಿ.”

ಮಕ್ಕಳನ್ನು ಬಾಳವ್ವನಿಗೆ ಒಪ್ಪಿಸಿ ಪೂರ್ಣಿಮಾ ರುದ್ರಭೂಮಿಯತ್ತ ಓಡಿದಳು. ಹೆದ್ದಾರಿಯಲ್ಲಿ ಲಾರಿಯೊಂದು ಹಾರ್ನ್ ಹೊಡೆಯುತ್ತ ಸೆರಗಿಗೆ ಗಾಳಿ ತಾಗಿಸಿ ಹೋಯಿತು. ಆರೇಳು ವರ್ಷದ ಮಗು ಇದನ್ನು ಹೇಗೆ ದಾಟಿತೋ.

ರುದ್ರಭೂಮಿಯಲ್ಲಿ ಅಕ್ಕೋರನ್ನು ಕುಣಿಯೊಳಗೆ ಕೂರಿಸಿಯಾಗಿತ್ತು. ದೊಡ್ಡವರ ಕಾಲುಗಳ ನಡುವೆ, ಮಣ್ಣಿನ ಗುಡ್ಡೆಯ ಅಂಚಿನಲ್ಲಿ, ಸಮೃದ್ಧಿ ಕುಳಿತಿದ್ದಳು.

“ಈ ಕೂಸ ನಿಮ್ದೇನ್ರಿ?” ಮಂತ್ರ ನಿಲ್ಲಿಸಿ ಜಂಗಮರಾದ ಈರಯ್ಯನವರು ಕೇಳಿದರು. “ಎಷ್ಟ ಎಬ್ಬಿಸಿದ್ರೂ ಏಳವಲ್ದು.”

ಪೂರ್ಣಿಮಾಳ ಮೊಬೈಲು ಬಡಿದುಕೊಂಡಿತು. “ಸಿಕ್ಕಾಳ್ರಿ ಸರ್.”

“ಲಗೂನ ಕರಕೊಂಡ ಬರ್ರಿ!”

ಅವಳು ಹುಡುಗಿಯ ರಟ್ಟೆ ಹಿಡಿದಳು. ಸಮೃದ್ಧಿ ಕೊಸರಿಕೊಂಡಳು. “ಅಕ್ಕೋರು ಬರಲಿ.”

ಪೂರ್ಣಿಮಾ ಕೈ ಬಿಟ್ಟಳು. ಸುತ್ತಲಿನವರು ನೋಡುತ್ತಿದ್ದಂತೆ, ಆ ಹಸಿ ಮಣ್ಣಿನಲ್ಲೇ ಅವಳ ಬಾಜೂ ಕುಳಿತಳು. ಮೊಬೈಲು ಮತ್ತೆ ಮತ್ತೆ ಬಡಿದುಕೊಂಡಿತು, ಎತ್ತಲಿಲ್ಲ. ಪತ್ರಿ ಬಿದ್ದಿತು, ವಿಭೂತಿ ಬಿದ್ದಿತು, ಮಣ್ಣು ಬಿದ್ದಿತು. ಕುಣಿ ತುಂಬಿ ನೆಲ ಸಮವಾಗುವ ತನಕ ಇಬ್ಬರೂ ಏಳಲಿಲ್ಲ.

ಜನ ಕರಗಿದ ಮೇಲೆ ಪೂರ್ಣಿಮಾ ಎದ್ದಳು. ಸಮೃದ್ಧಿಯೂ ಎದ್ದು, ಅವಳ ಹಿಂದೆ ಹೋಗಿ ನಿಂತು, ಸೀರೆಗೆ ಹತ್ತಿದ ಕೆಂಪು ಮಣ್ಣನ್ನು ಎರಡೂ ಕೈಯಿಂದ ಕೊಡವತೊಡಗಿದಳು.