ಒಂದೇ ತಲೆಗೆ ಉಜ್ಜಿದ ಎರಡು ಬಲೂನು

ವಿಜ್ಞಾನ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಬಲೂನ್ ಮೇಡಂ ಎಂದೇ ಕರೆಯುತ್ತಿದ್ದರು. ಶಾಲೆಗಳಿಂದ ಬಂದ ಮಕ್ಕಳಿಗೆ ದಿನಕ್ಕೆ ಐದು ಸಲ ಸ್ಥಿರ ವಿದ್ಯುತ್ತಿನ ಆಟ ತೋರಿಸುವುದು ಅವಳ ಕೆಲಸ. ಆರು ವರ್ಷದಿಂದ ಅದೇ ಹದಿನೈದು ನಿಮಿಷ, ಅದೇ ಮಾತು, ಅದೇ ಚಟಾಕಿ. ನಿದ್ದೆಯಿಂದ ಎಬ್ಬಿಸಿ ನಿಲ್ಲಿಸಿದರೂ ಒಂದಕ್ಷರ ತಪ್ಪದೆ ಒಪ್ಪಿಸಿಬಿಡುತ್ತಿದ್ದಳು.

ಆ ದಿನದ ಪಟ್ಟಿಯಲ್ಲಿ ಮಗಳ ಶಾಲೆಯ ಹೆಸರಿತ್ತು. ಏಳನೇ ತರಗತಿ, ಮೂವತ್ತೆಂಟು ಮಕ್ಕಳು. ಆ ಸಾಲನ್ನು ಎರಡು ಸಲ ಓದಿಕೊಂಡಳು.

ಮಗಳನ್ನು ನೋಡಿ ನಾಲ್ಕು ವರ್ಷವಾಗಿತ್ತು. ಕೋಪವೆಂಬುದು ತಾಯಿಗೆ ಸದಾ ಮೂಗಿನ ತುದಿಯಲ್ಲೇ. ಮನೆ ಬಿಟ್ಟು ಹೊರಟ ದಿನ ಗಂಡನ ಮುಖಕ್ಕೆ, "ಇವಳನ್ನೂ ನೀನೇ ಇಟ್ಕೋ, ನಂಗೆ ಯಾರೂ ಬೇಡ!" ಎಂದು ಕಿರುಚಿದ್ದಳು. ಹೇಳಿದ್ದು ಗಂಡನಿಗೆ, ತಗುಲಿದ್ದು ಬಾಗಿಲ ಬಳಿ ಚಪ್ಪಲಿ ಹಾಕಿಕೊಂಡು ಅಮ್ಮನ ಜೊತೆ ಹೊರಡಲು ನಿಂತಿದ್ದ ಎಂಟು ವರ್ಷದ ಮಗಳಿಗೆ. ಸಿಟ್ಟು ಇಳಿದ ಮೇಲೆ ಮೂರು ಸಲ ಆ ಮನೆಗೆ ಹೋದಳು. ಮೂರು ಸಲವೂ ಮಗಳು ಕೋಣೆಯ ಚಿಲಕ ಹಾಕಿಕೊಂಡು ಕೂತಳು. ಹಟದಲ್ಲಿ ಅವಳು ತಾಯಿಗಿಂತ ಏನೂ ಕಡಿಮೆಯಿರಲಿಲ್ಲ.

ಆಟ ಮುಗಿದ ಕೂಡಲೇ ಮಗಳನ್ನು ಪಕ್ಕಕ್ಕೆ ಕರೆಯಬೇಕು, ತಪ್ಪಾಯಿತು ಎನ್ನಬೇಕು. ಬಲೂನು ಊದುತ್ತ ಅದನ್ನೇ ಹತ್ತು ಸಲ ಹೇಳಿ ನೋಡಿಕೊಂಡಳು. ಇದೊಂದು ಅವಕಾಶ ಕೈತಪ್ಪಿದರೆ ಇನ್ನೊಂದು ಸಿಗುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಕ್ಕಳು ಗದ್ದಲ ಮಾಡುತ್ತ ಬಂದು ನೆಲದ ಮೇಲೆ ಕೂತರು. ಮಗಳು ಮೂರನೇ ಸಾಲಿನಲ್ಲಿದ್ದಳು. ಒಮ್ಮೆ ತಲೆಯೆತ್ತಿ ನೋಡಿ, ಬೂಟಿನ ದಾರದಲ್ಲಿ ಏನೋ ಭಾರೀ ಕೆಲಸವಿರುವಂತೆ ತಲೆ ತಗ್ಗಿಸಿದಳು.

"ಒಣ ಕೂದಲು ಯಾರದು? ಎಣ್ಣೆ ಹಚ್ಚಿದೋರು ಬೇಡ್ರಪ್ಪಾ, ನನ್ನ ಬಲೂನು ಮುನಿಸ್ಕೊಳ್ಳತ್ತೆ!"

"ಇವಳು ಮೇಡಂ, ಇವಳು!" ಎಂದು ಅಕ್ಕಪಕ್ಕದ ಗೆಳತಿಯರು ಮಗಳನ್ನೇ ಮುಂದಕ್ಕೆ ದಬ್ಬಿದರು. "ಹೋಗಮ್ಮ, ಏನಾಗಲ್ಲ," ಎಂದರು ಅವರ ಟೀಚರ್.

ಮಗಳು ಎದ್ದು ಬಂದಳು. ಭುಜದೆತ್ತರಕ್ಕೆ ಬೆಳೆದಿದ್ದಳು. ತಾಯಿಯ ತಲೆಯೊಳಗೆ ಒಂದು ಪದವೂ ಉಳಿಯಲಿಲ್ಲ. ನಾಲಿಗೆ ಮಾತ್ರ ತನಗೆ ಅಭ್ಯಾಸವಾದದ್ದನ್ನು ತಾನೇ ಆಡಿಬಿಟ್ಟಿತು.

"ಬಾ ಪುಟ್ಟಿ, ನಿನ್ನ ಹೆಸರೇನು?"

ಹೆತ್ತ ಮಗಳನ್ನು ಹೆಸರು ಕೇಳಿದ್ದಳು! ನಾಲಿಗೆ ಸೀಳಿಕೊಳ್ಳಬೇಕೆನಿಸಿತು. ಮಗಳು ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು. ಆಮೇಲೆ ಮೈಕಿನೊಳಗೆ ತನ್ನ ಹೆಸರನ್ನು ಅಪ್ಪನ ಇನಿಷಿಯಲ್ ಸಮೇತ, ಕಚೇರಿಯ ಕೌಂಟರಿನಲ್ಲಿ ಹೇಳುವಂತೆ, ಬಿಡಿಸಿ ಬಿಡಿಸಿ ಹೇಳಿದಳು. ಮಕ್ಕಳು ಚಪ್ಪಾಳೆ ತಟ್ಟಿದರು.

ಆಟ ನಿಲ್ಲಿಸುವಂತಿರಲಿಲ್ಲ. ನಾಲ್ಕು ವರ್ಷದ ಮೇಲೆ ಆ ತಲೆಯ ಹತ್ತಿರ ಅವಳ ಕೈ ಹೋಯಿತು, ನಡುವೆ ಬಲೂನು ಹಿಡಿದುಕೊಂಡು. ಉಜ್ಜಿ ಮೇಲೆತ್ತಿದೊಡನೆ ಕೂದಲು ಬಲೂನಿನ ಬೆನ್ನು ಹತ್ತಿ ನಿಮಿರಿತು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡನೇ ಬಲೂನನ್ನೂ ಅದೇ ತಲೆಗೆ ಉಜ್ಜಿ, ಎರಡನ್ನೂ ಒಂದೇ ಕೋಲಿಗೆ ದಾರದಿಂದ ತೂಗುಬಿಟ್ಟಳು. ಪಕ್ಕಪಕ್ಕ ಇರಬೇಕಾದವು ಅತ್ತ ಒಂದು, ಇತ್ತ ಒಂದು ಸರಿದು ನಿಂತವು.

"ಯಾಕೆ ಹೀಗೆ? ಯಾರು ಹೇಳ್ತೀರಾ?"

"ಎರಡರಲ್ಲೂ ಇರೋದು ಒಂದೇ ಆವೇಶ, ಮೇಡಂ. ಅದಕ್ಕೇ ಒಂದನ್ನೊಂದು ದೂರ ತಳ್ತವೆ," ಎಂದಳು ಮಗಳು.

ಟೀಚರ್ ಹೆಮ್ಮೆಯಿಂದ ತಲೆಯಾಡಿಸಿದರು. ವಿದ್ಯುತ್ತಿನ ಚಾರ್ಜಿಗೆ ಆವೇಶ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ, ತಮ್ಮ ಮನೆಗೆ ಬಂದು ಹೋಗಿರಬೇಕು ಎನಿಸಿತು ತಾಯಿಗೆ. ಎರಡೂ ಬಲೂನಿನ ನಡುವೆ ಅಂಗೈ ಹಿಡಿದಳು. ತಟಸ್ಥವಾದ ಕೈಗೆ ಎರಡೂ ಬಂದು ಅಂಟಿಕೊಂಡವು. ಹಾಗೆ ನಡುವೆ ಕೈ ಹಿಡಿಯುವವರು ಆ ಮನೆಯಲ್ಲಿ ಒಬ್ಬರಾದರೂ ಇದ್ದಿದ್ದರೆ!

ಆಟ ಮುಗಿದದ್ದೇ ತಡ, ಓಡುತ್ತ ಹೊರಗೆ ಬಂದಳು. ಮಗಳು ನೀರಿನ ನಲ್ಲಿಯ ಬಳಿ ಬಾಟಲಿ ತುಂಬಿಸುತ್ತಿದ್ದಳು. ತಾಯಿ ಅವಳ ಕೈ ಹಿಡಿದುಕೊಂಡಳು.

"ಕಂದಾ, ಅದು ಬಾಯಿತಪ್ಪಿ ಬಂತು ಕಣೇ. ಎಲ್ಲರನ್ನೂ ಕೇಳಿ ಕೇಳಿ ಅಭ್ಯಾಸ. ನಿನ್ನ ಹೆಸರು ನಾನು ಮರೀತೀನಾ?"

ಮಗಳು ಗೆಳತಿಯರು ಎಷ್ಟು ದೂರದಲ್ಲಿದ್ದಾರೆಂದು ನೋಡಿಕೊಂಡಳು. "ಪರವಾಗಿಲ್ಲ. ನೀವು ಕೇಳಿದ್ದೇ ಒಳ್ಳೇದಾಯ್ತು."

ಅಮ್ಮನನ್ನು ನೀನು ಎನ್ನುತ್ತಿದ್ದ ಬಾಯಲ್ಲಿ ನೀವು. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

"ಒಳ್ಳೇದಾ? ಯಾಕೆ ಕಂದಾ?"

"ನಮ್ಮಮ್ಮ ತೀರ್ಕೊಂಡ್ರು ಅಂತ ಕ್ಲಾಸಲ್ಲಿ ಎಲ್ಲರಿಗೂ ಹೇಳಿದೀನಿ," ಎಂದಳು ಮಗಳು ಮೆಲ್ಲಗೆ. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಹೆದರಿಕೆ. "ಗೊತ್ತಾದ್ರೆ ನಾನು ಸುಳ್ಳಿ ಆಗ್ತೀನಿ. ನೀವೂ ಹೇಳ್ಬೇಡಿ, ಪ್ಲೀಸ್."

ಹತ್ತು ಸಲ ಅಭ್ಯಾಸ ಮಾಡಿದ ಮಾತನ್ನು ಹೇಳಲು ತಾಯಿ ಬಾಯಿ ತೆರೆದಳು. ಅಷ್ಟರಲ್ಲಿ ಟೀಚರ್ ಬಂದರು, ಹಿಡಿದಿದ್ದ ಕೈಯನ್ನು ನೋಡಿ ನಕ್ಕರು. "ಏನು ಮೇಡಂ, ನಿಮಗೆ ಪರಿಚಯದ ಹುಡುಗೀನಾ?"

ಮಗಳು ತಾಯಿಯ ಮುಖವನ್ನೇ ನೋಡುತ್ತಿದ್ದಳು. ತಾಯಿ ಕೈ ಬಿಟ್ಟಳು.

"ಇಲ್ಲಪ್ಪ, ಇವತ್ತೇ ನೋಡಿದ್ದು," ಎಂದಳು. "ಜಾಣೆ ಹುಡುಗಿ."