ಯಾವುದು ಒಂದನೇ ದಿನ

ಅಕ್ಕನ ಹಾಸಿಗೆಯ ಕಾಲ ಬದಿಯಲ್ಲಿ ತೂಗುಹಾಕಿದ್ದ ಬಿಳಿ ಹಲಗೆಯ ಮೇಲೆ ನಿನ್ನೆ ‘ಆಂಟಿಬಯಾಟಿಕ್, ದಿನ ೧೩’ ಎಂದಿತ್ತು. ಇವತ್ತು ಬೆಳಿಗ್ಗೆ ಫ್ಲಾಸ್ಕು ಹಿಡಿದು ಒಳಗೆ ಬಂದ ತಂಗಿ ನೋಡಿದರೆ ‘ದಿನ ೧೧’ ಎಂದಿದೆ. ಅವಳು ಫ್ಲಾಸ್ಕು ಕೆಳಗಿಟ್ಟು, ಕನ್ನಡಕ ಒರೆಸಿಕೊಂಡು, ಮತ್ತೊಮ್ಮೆ ನೋಡಿದಳು. ಹನ್ನೊಂದೇ. ಜಗತ್ತಿನಲ್ಲಿ ಎಲ್ಲರ ದಿನವೂ ಮುಂದಕ್ಕೆ ಹೋದರೆ ತನ್ನ ಅಕ್ಕನದು ಮಾತ್ರ ಹಿಂದಕ್ಕೆ ಹೋಗುತ್ತಿತ್ತು.

ಆ ವಾರ್ಡಿನಲ್ಲಿ ಈ ತಂಗಿಯನ್ನು ಎಲ್ಲರೂ ಟೈಲರಮ್ಮ ಎನ್ನುತ್ತಿದ್ದರು. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವ ಅಂಗಡಿ ಅವಳದು. ಮೊದಲ ದಿನ ಗಾಬರಿಯಲ್ಲಿ ಕೊರಳಿಗೆ ಅಳತೆಯ ಟೇಪು ನೇತುಹಾಕಿಕೊಂಡೇ ಓಡಿಬಂದಿದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಹೆಸರಿಟ್ಟವರಿಗೆ ಅವಳ ಬಾಯಿಯ ಪರಿಚಯ ಆಮೇಲೆ ಆಯಿತು.

ಅಕ್ಕನ ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷವಾಗಿತ್ತು. ಕುತ್ತಿಗೆಯ ಹತ್ತಿರ ರಕ್ತನಾಳಕ್ಕೆ ಹಾಕಿದ ಟ್ಯೂಬಿನಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಈ ತಿಂಗಳ ಒಂದನೇ ತಾರೀಕು ಯಂತ್ರದ ಮುಂದೆ ಕೂತಿದ್ದಾಗಲೇ ಅಕ್ಕನಿಗೆ ಹಲ್ಲು ಕಟಕಟ ಎನ್ನುವಂಥ ಚಳಿ ಬಂತು. ಟ್ಯೂಬಿಗೆ ಸೋಂಕು ತಗುಲಿ, ಅದು ರಕ್ತಕ್ಕೆ ಇಳಿದಿತ್ತು. ಅವತ್ತೇ ರಕ್ತ ಪರೀಕ್ಷೆಗೆ ಕಳಿಸಿ ಇಂಜೆಕ್ಷನ್ ಶುರು ಮಾಡಿದರು. ಮೂರನೇ ತಾರೀಕು ಟ್ಯೂಬು ಕಿತ್ತು, ಡಯಾಲಿಸಿಸ್ ನಿಲ್ಲಬಾರದೆಂದು ತೊಡೆಯ ಸಂದಿಯಲ್ಲಿ ತಾತ್ಕಾಲಿಕವಾಗಿ ಇನ್ನೊಂದು ಹಾಕಿದರು. ನಾಲ್ಕನೇ ತಾರೀಕು ತೀವ್ರ ನಿಗಾ ಘಟಕದಿಂದ ಈ ವಾರ್ಡಿಗೆ ತಂದರು.

ಇಷ್ಟೇ ಆಗಿದ್ದರೆ ಟೈಲರಮ್ಮ ಹಲ್ಲು ಕಚ್ಚಿಕೊಂಡು ಇರುತ್ತಿದ್ದಳೇನೋ. ಆದರೆ ಇಪ್ಪತ್ತೆರಡನೇ ತಾರೀಕು ಅಕ್ಕನಿಗೆ ಕಿಡ್ನಿ ಕಸಿ ಎಂದು ನಿಗದಿಯಾಗಿತ್ತು. ಕೊಡುವವಳು ಟೈಲರಮ್ಮನೇ. ಎಲ್ಲ ಪರೀಕ್ಷೆ ಮುಗಿದಿತ್ತು, ಹೊಲಿಗೆಯ ಬಾಕಿಯನ್ನೆಲ್ಲ ತೀರಿಸಿ ಅಂಗಡಿಯ ಬಾಗಿಲಿಗೆ ‘ಎರಡು ತಿಂಗಳು ರಜೆ’ ಎಂದು ಚೀಟಿ ಅಂಟಿಸಿಯೂ ಆಗಿತ್ತು. ಕಿಡ್ನಿಯ ದೊಡ್ಡ ಡಾಕ್ಟರು ಒಂದೇ ಷರತ್ತು ಹಾಕಿದ್ದರು: ಹದಿನಾಲ್ಕು ದಿನದ ಇಂಜೆಕ್ಷನ್ ಪೂರ್ತಿ ಮುಗಿಯಬೇಕು, ಆಮೇಲೆ ಒಂದು ವಾರ ಔಷಧಿಯಿಲ್ಲದೆ ಜ್ವರವಿಲ್ಲದೆ ಕಳೆಯಬೇಕು. ತಪ್ಪಿದರೆ ಅವರ ಬಳಿ ಮುಂದಿನ ದಿನ ಸಿಗುವುದು ಎರಡು ತಿಂಗಳ ನಂತರ. ಅಷ್ಟು ದಿನ ಡಯಾಲಿಸಿಸ್‌ಗೆ ಮತ್ತೆ ಟ್ಯೂಬು ಹಾಕಬೇಕು. ಈಗಾಗಲೇ ಮೂರು ಟ್ಯೂಬು ಹಾಕಿ ತೆಗೆದು ಅಕ್ಕನ ಮೈಯಲ್ಲಿ ಒಳ್ಳೆಯ ರಕ್ತನಾಳ ಹುಡುಕುವುದೇ ಕಷ್ಟವಾಗಿತ್ತು.

ಒಂದನೇ ತಾರೀಕಿನಿಂದ ಎಣಿಸಿದರೆ ಹದಿನಾಲ್ಕು ಇವತ್ತೇ ಮುಗಿಯಬೇಕು. ಟೈಲರಮ್ಮ ಅದನ್ನು ಬೆರಳು ಮಡಚಿ ಎಷ್ಟು ಸಲ ಎಣಿಸಿದ್ದಳೋ.

ಬೆಳಗಿನ ರೌಂಡ್ಸಿಗೆ ಬಂದ ಚಿಕ್ಕ ಡಾಕ್ಟರು ಅವಳನ್ನು ಕಂಡೊಡನೆ ಪಕ್ಕದ ಹಾಸಿಗೆಗೆ ನುಸುಳಲು ನೋಡಿದರು. ಅವಳು ಬಿಡಬೇಕಲ್ಲ.

“ಡಾಕ್ಟ್ರೇ, ನಿನ್ನೆ ಹದಿಮೂರಾದ್ರೆ ಇವತ್ತೆಷ್ಟು?”

“ಅದು... ನಾನು ರಜೆ ಮುಗಿಸಿ ಇವತ್ತೇ ಬಂದಿದ್ದು. ನಿಮ್ಮಕ್ಕ ಈ ವಾರ್ಡಿಗೆ ಬಂದ ದಿನದಿಂದ ಎಣಿಸಿ ಬರ್ದೆ. ನಿನ್ನೆಯವರು ಇಂಜೆಕ್ಷನ್ ಶುರುವಾದ ದಿನದಿಂದ ಎಣಿಸಿದ್ದಾರೆ. ಟ್ಯೂಬ್ ತೆಗೆದ ದಿನದಿಂದ ಎಣಿಸೋರೂ ಇದ್ದಾರೆ, ಹಾಗಾದ್ರೆ ಹನ್ನೆರಡು.”

“ನನ್ನಕ್ಕ ಎಷ್ಟು ಜನ ಇದ್ದಾಳೆ ಡಾಕ್ಟ್ರೇ? ಒಬ್ಳೇ ಅಲ್ವಾ? ನಾನು ಒಂದೇ ಮಗುವಿಗೆ ಒಂದು ತೋಳು ಭುಜದಿಂದ, ಇನ್ನೊಂದು ತೋಳು ಮೊಣಕೈಯಿಂದ ಅಳೆದು ಹೊಲಿದು ಕೊಟ್ರೆ ಅದರ ತಾಯಿ ನನ್ನ ಸುಮ್ನೆ ಬಿಡ್ತಾಳಾ?”

ಡಾಕ್ಟರು ಏನೋ ಗೊಣಗಿದರು. ಇಂಥ ಗೊಣಗುವಿಕೆಯನ್ನು ಅವಳು ಎರಡು ವಾರದಿಂದ ಕೇಳುತ್ತಲೇ ಇದ್ದಳು. ತುರ್ತು ಚಿಕಿತ್ಸಾ ವಿಭಾಗದ ಡಾಕ್ಟರು ಏಳು ದಿನ ಎಂದಿದ್ದರು. ಪರೀಕ್ಷೆಯ ವರದಿ ಬಂದ ಮೇಲೆ, ಇದು ಹಠಮಾರಿ ಜಾತಿಯ ಬ್ಯಾಕ್ಟೀರಿಯಾ, ಏಳು ಸಾಲದು, ಹದಿನಾಲ್ಕು ಎಂದರು. ಭಾನುವಾರ ಬಂದ ಇನ್ನೊಬ್ಬರು, ಹೃದಯಕ್ಕೇನಾದರೂ ಹರಡಿದ್ದರೆ ನಾಲ್ಕರಿಂದ ಆರು ವಾರ ಎಂದು ಹೇಳಿ, ಎಲ್ಲರ ಎದೆ ಧಸಕ್ಕೆನ್ನಿಸಿ, ಊಟಕ್ಕೆ ಹೋದರು. ಹೃದಯದ ಸ್ಕ್ಯಾನ್ ಚೆನ್ನಾಗಿದೆ ಎಂದು ತಿಳಿಯುವವರೆಗೆ ಅಕ್ಕನ ಮನೆಯಲ್ಲಿ ಯಾರ ಗಂಟಲಲ್ಲೂ ಅನ್ನ ಇಳಿಯಲಿಲ್ಲ. ಕಲಿತವರು ಕೂತು ಒಂದು ಮಾತು ಆಡಿಕೊಳ್ಳಬಾರದೇ? ಒಬ್ಬೊಬ್ಬರದು ಒಂದೊಂದು ರಾಗ.

“ಹೋಗ್ಲಿ ಬಿಡಮ್ಮ,” ಎಂದರು ಭಾವ. ಅಕ್ಕನ ಗಂಡ, ಬಾಯಿ ಸತ್ತ ಮನುಷ್ಯ. “ಅವರಿಗೆ ಗೊತ್ತಿರುತ್ತೆ. ಇನ್ನೆರಡು ದಿನ ಜಾಸ್ತಿಯಾದ್ರೆ ಆಗ್ಲಿ.”

“ಹಾಗೆ ಎರಡೆರಡು ದಿನ ಜಾಸ್ತಿ ಮಾಡ್ತಾ ಹೋದ್ರೆ ಇಪ್ಪತ್ತೆರಡನೇ ತಾರೀಕು ನಮಗೋಸ್ಕರ ಕಾದುಕೊಂಡು ಕೂತಿರುತ್ತಾ ಭಾವ? ನೀವು ತುಟಿ ಪಿಟಕ್ ಅನ್ನಬೇಡಿ, ನಾನೇ ನೋಡ್ಕೋತೀನಿ.”

ಅವರು ಪಿಟಕ್ ಎನ್ನಲಿಲ್ಲ. ಆ ಮನೆಯಲ್ಲಿ ಜಗಳವೆಲ್ಲ ಟೈಲರಮ್ಮನ ಪಾಲಿಗೇ ಬಂದಿತ್ತು. ಅಕ್ಕ ಚಿಕ್ಕಂದಿನಿಂದಲೂ ಮೆತ್ತಗಿನವಳು, ಶಾಲೆಯಲ್ಲಿ ಯಾರಾದರೂ ಜಡೆ ಎಳೆದರೆ ತಂಗಿಯ ಹಿಂದೆ ನಿಲ್ಲುವವಳು. ತಂಗಿಗೆ ಜಗಳ ಆಡಿ ಆಡಿ ಅದೇ ಒಂದು ಪ್ರೀತಿಯ ರೀತಿಯಾಗಿಬಿಟ್ಟಿತ್ತು.

ಮೂರನೇ ಮಹಡಿಯಲ್ಲಿ, ಪ್ರಯೋಗಾಲಯದ ಪಕ್ಕ, ಸೋಂಕು ರೋಗಗಳ ಡಾಕ್ಟರಮ್ಮನ ಕೋಣೆ ಇತ್ತು. ಟೈಲರಮ್ಮ ಆ ಬಾಗಿಲ ಮುಂದಿನ ಕಬ್ಬಿಣದ ಬೆಂಚಿನ ಮೇಲೆ ಎರಡು ಗಂಟೆ ಕೂತಳು. ‘ಮೇಡಂ ಮೀಟಿಂಗ್‌ನಲ್ಲಿದ್ದಾರೆ’ ಎಂದವನಿಗೆ ‘ನಾನೂ ಮೀಟಿಂಗಿಗೇ ಬಂದಿರೋದು’ ಎಂದಳು. ಕೊನೆಗೆ ಬಾಗಿಲು ತೆರೆದು, ನರೆಗೂದಲಿನ ಕುಳ್ಳಗಿನ ಹೆಂಗಸೊಬ್ಬರು ಹೊರಗೆ ಬಂದು, ಅವಳು ಹೇಳಿದ್ದನ್ನೆಲ್ಲ ನಿಂತೇ ಕೇಳಿದರು. ಮಧ್ಯೆ ಬಾಯಿ ಹಾಕಲಿಲ್ಲ. ಎರಡು ವಾರದಲ್ಲಿ ಅಷ್ಟು ಹೊತ್ತು ಅವಳ ಮಾತು ಕೇಳಿದವರು ಅವರೊಬ್ಬರೇ.

“ಮೂರು ಲೆಕ್ಕವೂ ತಪ್ಪು,” ಎಂದರು ಡಾಕ್ಟರಮ್ಮ. “ಬನ್ನಿ, ಫೈಲ್ ನೋಡೋಣ.”

ಮೂರೂ ತಪ್ಪು! ಟೈಲರಮ್ಮನಿಗೆ ಸಿಟ್ಟಿನ ನಡುವೆಯೂ ಒಂದು ಬಗೆಯ ಖುಷಿಯಾಯಿತು. ನಾನು ಹೇಳಲಿಲ್ಲವೇ, ಇವರಿಗೆ ಯಾರಿಗೂ ಎಣಿಸಲು ಬರುವುದಿಲ್ಲ ಎಂದು.

ವಾರ್ಡಿನ ನರ್ಸುಗಳ ಮೇಜಿನ ಮೇಲೆ ಫೈಲು ಹರಡಿಕೊಂಡು ಡಾಕ್ಟರಮ್ಮ ವಿವರಿಸಿದರು. ಚಿಕ್ಕ ಡಾಕ್ಟರು ಕೈಕಟ್ಟಿ ನಿಂತಿದ್ದರು.

“ಔಷಧಿ ಕೊಟ್ಟ ತಕ್ಷಣ ರಕ್ತ ಶುದ್ಧ ಆಗಲ್ಲ. ಟ್ಯೂಬ್ ತೆಗೆದ ಮೇಲೂ ಒಂದೆರಡು ದಿನ ಬ್ಯಾಕ್ಟೀರಿಯಾ ಇರಬಹುದು. ಅದಕ್ಕೇ ರಕ್ತವನ್ನ ಮತ್ತೆ ಪರೀಕ್ಷೆಗೆ ಕಳಿಸ್ತೀವಿ. ಯಾವ ದಿನ ತೆಗೆದ ರಕ್ತದಲ್ಲಿ ಏನೂ ಬೆಳೆಯಲ್ವೋ, ಆ ದಿನವೇ ಒಂದನೇ ದಿನ. ಹದಿನಾಲ್ಕು ಅನ್ನೋದು ಅಲ್ಲಿಂದ.”

“ಅಷ್ಟೇ ತಾನೇ? ಯಾವುದು ಆ ದಿನ?”

“ಅದನ್ನೇ ಹುಡುಕ್ತಿದ್ದೀನಿ. ಐದನೇ ತಾರೀಕು ಮತ್ತೆ ರಕ್ತ ತೆಗೀಬೇಕು ಅಂತ ಬರೆದಿದೆ. ವರದಿ ಕಾಣ್ತಿಲ್ಲ.”

ಚಿಕ್ಕ ಡಾಕ್ಟರು ಕಂಪ್ಯೂಟರಿನಲ್ಲಿ ಹುಡುಕಿದರು, ಇರಲಿಲ್ಲ. ಪ್ರಯೋಗಾಲಯಕ್ಕೆ ಫೋನು ಮಾಡಿದರೆ, ಅಂಥ ಬಾಟಲಿ ಬಂದೇ ಇಲ್ಲ ಎಂದರು. ಟೈಲರಮ್ಮನ ಮೈಯೆಲ್ಲ ಉರಿದುಹೋಯಿತು.

“ಬಂದೇ ಇಲ್ವಾ? ಒಂಬತ್ತು ದಿನದಿಂದ ಯಾರೂ ನೋಡಿಲ್ವಾ? ದಿನಾ ಬೆಳಿಗ್ಗೆ ಬಂದು ಹಲಗೆ ಒರೆಸಿ ನಂಬರ್ ಬರೆಯೋದಷ್ಟೇ ಕೆಲಸಾನಾ ನಿಮ್ಗೆ? ಯಾರು ಅವತ್ತು ಡ್ಯೂಟಿಲಿ ಇದ್ದಿದ್ದು? ಕರೀರಿ ಅವರನ್ನ!”

ಅಕ್ಕಪಕ್ಕದ ಹಾಸಿಗೆಯವರೆಲ್ಲ ತಲೆಯೆತ್ತಿ ನೋಡಿದರು. ಮೇಜಿನ ಹಿಂದಿದ್ದ ಹಿರಿಯ ನರ್ಸು ಮೆಲ್ಲಗೆ ಎದ್ದರು.

“ನಾನೇ ಇದ್ದೆ,” ಎಂದರು. ನರ್ಸುಗಳ ಪುಸ್ತಕದ ಹಾಳೆ ಹಿಂದಕ್ಕೆ ತಿರುವಿ, ಓದಲೋ ಬೇಡವೋ ಎಂಬಂತೆ ಡಾಕ್ಟರಮ್ಮನ ಮುಖ ನೋಡಿದರು.

“ಓದಿ,” ಎಂದರು ಡಾಕ್ಟರಮ್ಮ.

“ಐದನೇ ತಾರೀಕು, ಮಧ್ಯಾಹ್ನ ಮೂರೂವರೆ. ಮರುಪರೀಕ್ಷೆಗೆ ರಕ್ತ ತೆಗೆಯಲು ಹೋದೆ. ರೋಗಿ ನಿದ್ದೆಯಲ್ಲಿದ್ದರು. ತಂಗಿ ಬೇಡವೆಂದರು. ನಾಳೆ ಬರಲು ಹೇಳಿದರು.”

ಟೈಲರಮ್ಮನಿಗೆ ಆ ಮಧ್ಯಾಹ್ನ ಥಟ್ಟನೆ ನೆನಪಿಗೆ ಬಂತು. ನಾಲ್ಕು ದಿನ ಜ್ವರದಲ್ಲಿ ಬೆಂದ ಅಕ್ಕ ಆಗಷ್ಟೇ ಕಣ್ಣು ಮುಚ್ಚಿದ್ದಳು. ಎರಡೂ ಕೈ ಸೂಜಿ ಚುಚ್ಚಿ ಚುಚ್ಚಿ ನೇರಳೆಗಟ್ಟಿದ್ದವು. ಇದೇ ನರ್ಸು ತಟ್ಟೆ ಹಿಡಿದು ಬಂದಿದ್ದರು. ‘ನಿಮಗೆ ಕರುಣೆ ಅನ್ನೋದೇ ಇಲ್ವಾ? ಎಷ್ಟು ರಕ್ತ ಹೀರ್ತೀರ? ಹೋಗಿ, ನಾಳೆ ಬನ್ನಿ’ ಎಂದು ಅವಳು ಪರದೆ ಎಳೆದುಬಿಟ್ಟಿದ್ದಳು. ಆಮೇಲೆ ಅಕ್ಕನ ಹಣೆ ಸವರುತ್ತಾ, ಇವತ್ತೊಂದು ದಿನ ಅಕ್ಕನನ್ನು ಕಾಪಾಡಿದೆ ಎಂದು ಬೀಗಿದ್ದಳು.

“ಮಾರನೇ ದಿನದಿಂದ ನನಗೆ ಎರಡು ದಿನ ರಜೆ ಇತ್ತು,” ಎಂದರು ನರ್ಸು. “ಬರೆದಿಟ್ಟು ಹೋಗಿದ್ದೆ.”

ಡಾಕ್ಟರುಗಳು ತಮ್ಮ ಹಾಳೆ ಓದುತ್ತಿದ್ದರೇ ಹೊರತು ನರ್ಸುಗಳ ಪುಸ್ತಕ ತೆರೆಯುತ್ತಿರಲಿಲ್ಲ. ಬೈಯುವುದಕ್ಕೆ ಇಷ್ಟು ಸಾಕಿತ್ತು, ಆದರೆ ಟೈಲರಮ್ಮ ಪುಸ್ತಕದ ಆ ಸಾಲಿನ ಮೇಲೆ ಬೆರಳಿಟ್ಟು ತಾನೇ ಇನ್ನೊಮ್ಮೆ ಓದಿಕೊಂಡಳು.

“ತಪ್ಪು ನಿಮ್ಮದೊಂದೇ ಅಲ್ಲ,” ಎಂದು ಡಾಕ್ಟರಮ್ಮ ಅವಳಿಗೆ ಹೇಳಿದರು. “ನಾಳೆ ಅಂದ್ರೆ ನಾಳೆ ನಾವು ಹೋಗಿ ತೆಗೀಬೇಕಿತ್ತು. ಈಗ ಒಂದೇ ದಾರಿ. ಇವತ್ತು ರಕ್ತ ತೆಗೆಯೋಣ. ಶುದ್ಧ ಅಂತ ಬಂದ್ರೆ ಇವತ್ತೇ ಒಂದನೇ ದಿನ.”

“ಜ್ವರ ಬಿಟ್ಟು ಎಂಟು ದಿನ ಆಯ್ತಲ್ಲ ಮೇಡಂ. ಆಗ್ಲೇ ಶುದ್ಧ ಆಗಿರಬಹುದಲ್ವಾ?”

“ಆಗಿರಬಹುದು. ಆದ್ರೆ ಕಸಿ ಮಾಡಿದ ಮೇಲೆ ದೇಹದ ಪ್ರತಿರೋಧ ಶಕ್ತಿನ ನಾವೇ ಕುಗ್ಗಿಸ್ತೀವಿ. ಎಲ್ಲೋ ಒಂಚೂರು ಸೋಂಕು ಉಳಿದಿದ್ರೆ ಅದು ನಿಮ್ಮ ಕಿಡ್ನಿಯನ್ನೂ ತಿನ್ನುತ್ತೆ, ನಿಮ್ಮಕ್ಕನನ್ನೂ ತಿನ್ನುತ್ತೆ. ‘ಇರಬಹುದು’ ಅನ್ನೋ ಮಾತಿನ ಮೇಲೆ ನಾನು ಸಹಿ ಹಾಕಲ್ಲ.”

ಇಪ್ಪತ್ತೆರಡನೇ ತಾರೀಕು ಕೈತಪ್ಪಿತು. ಇನ್ನು ಎರಡು ತಿಂಗಳು. ಟೈಲರಮ್ಮ ಪರದೆ ಸರಿಸಿ ಅಕ್ಕನ ಬಳಿ ಬಂದಳು. ಭಾವ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು, ಅವರಿಗೂ ಕೇಳಿಸಿತ್ತು.

“ಎಲ್ಲಾ ಕೇಳಿಸ್ತು,” ಎಂದಳು ಅಕ್ಕ.

“ನಂದೇ ತಪ್ಪು ಅಕ್ಕ. ನಿನ್ನ ನಿದ್ದೆ ಹಾಳಾಗುತ್ತೆ ಅಂತ...”

“ನಾನು ನಿದ್ದೆ ಮಾಡ್ತಿರ್ಲಿಲ್ಲ ಕಣೇ.”

ಟೈಲರಮ್ಮ ಹಾಸಿಗೆಯ ಹತ್ತಿರಕ್ಕೆ ಬಗ್ಗಿದಳು.

“ಎಚ್ಚರ ಇತ್ತು. ಸಿಸ್ಟರ್ ತಟ್ಟೆ ತಂದ ಸದ್ದು ಕೇಳಿ ಕಣ್ಣು ಮುಚ್ಕೊಂಡೆ. ಇನ್ನೊಂದು ಸೂಜಿ ತಡೆಯೋ ಶಕ್ತಿ ನನಗಿರ್ಲಿಲ್ಲ. ನಾನು ಬೇಡ ಅಂದ್ರೆ ಅವರು ಕೇಳಲ್ಲ, ನೀನಾದ್ರೆ ಜಗಳ ಆಡಿ ಓಡಿಸ್ತೀಯ ಅಂತ ಗೊತ್ತಿತ್ತು.”

ಎರಡು ವಾರದಿಂದ ಆಸ್ಪತ್ರೆಯ ಮೇಲೆಲ್ಲ ಹರಿದ ಸಿಟ್ಟು ಈಗ ಬೇರೆಲ್ಲೂ ಜಾಗವಿಲ್ಲದೆ ಅಕ್ಕನ ಮೇಲೇ ನುಗ್ಗಿತು.

“ಎರಡು ತಿಂಗಳು ಅಕ್ಕಾ! ಒಂದು ಸೂಜಿಗೆ ಹೆದರಿ ಎರಡು ತಿಂಗಳು! ಐವತ್ತು ವರ್ಷ ಆಯ್ತು, ಇನ್ನೂ ನನ್ನ ಹಿಂದೆ ಅಡಗಿಕೊಳ್ತೀಯಲ್ಲ, ನಾಚಿಕೆ ಆಗಲ್ವಾ ನಿನಗೆ? ನನಗಾದ್ರೂ ಬುದ್ಧಿ ಬೇಡ್ವಾ? ನನ್ನ ಬಾಯಿಗಿಷ್ಟು ಬೆಂಕಿ ಹಾಕ! ಇನ್ನೊಂದು ಟ್ಯೂಬ್ ಎಲ್ಲಿಗೆ ಹಾಕ್ತಾರೆ, ಎಲ್ಲಿದೆ ಜಾಗ ನಿನ್ನ ಮೈಯಲ್ಲಿ, ಹೇಳು!”

ಬೈಯುತ್ತಾ ಅವಳ ಕಣ್ಣು ಮೂಗು ಎರಡೂ ಸುರಿಯುತ್ತಿದ್ದವು. ಅಕ್ಕ ಹೊದಿಕೆಯೊಳಗಿಂದ ಬಲಗೈ ಹೊರಗೆ ತೆಗೆದು ಚಾಚಿದಳು. ಹಿರಿಯ ನರ್ಸು ಎರಡು ಬಾಟಲಿ ಇಟ್ಟ ತಟ್ಟೆ ತಂದು, ಪಟ್ಟಿ ಬಿಗಿದು, ನಾಳ ಹುಡುಕಿದರು. ಮೊದಲನೇ ಸಲ ಸಿಗಲಿಲ್ಲ. ಎರಡನೇ ಸಲ ಸೂಜಿ ಒಳಗೆ ಹೋಗುವಾಗ ಅಕ್ಕ ಚೀರಿ ಕೈ ಎಳೆದುಕೊಳ್ಳಲು ನೋಡಿದಳು. ಟೈಲರಮ್ಮ ಬೈಗುಳ ನಿಲ್ಲಿಸದೆಯೇ ಎರಡೂ ಕೈಯಿಂದ ಅದನ್ನು ಹಾಸಿಗೆಗೆ ಒತ್ತಿ ಹಿಡಿದಳು, ಬಾಟಲಿ ತುಂಬುವವರೆಗೂ ಬಿಡಲಿಲ್ಲ.