ಹತ್ತರಲ್ಲಿ ನಾಲ್ಕು

“ಮೊಟ್ಟೆ ತಿಂದ್ರೆ ಯಾರಿಗಾದ್ರೂ ಮೈ ಕಡಿತ, ಉಬ್ಬಸ ಆಗುತ್ತಾ ಕೇಳಿಬಿಡಿ ಸಿಸ್ಟರ್,” ಎಂದರು ಡಾಕ್ಟರ್ ಓಂಕಾರಮೂರ್ತಿ, ಫ್ಲೂ ಲಸಿಕೆಯ ಪೆಟ್ಟಿಗೆಯನ್ನು ಫ್ರಿಜ್ಜಿನಿಂದ ತೆಗೆಯುತ್ತಾ.

ಮಾಲಾಗೆ ನಗು ಬಂತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಐದೂ ಜನ ಅವಳ ಹಟ್ಟಿಯವರು, ಗೌರಸಮುದ್ರದ ಕಡೆಯಿಂದ ಮೊದಲನೇ ಬಸ್ಸಿಗೇ ಚಳ್ಳಕೆರೆಗೆ ಬಂದಿಳಿದವರು. ಮ್ಯಾಸ ನಾಯಕರ ಆ ಹಟ್ಟಿಯಲ್ಲಿ ಕೋಳಿ ಕೂಗುವುದಿಲ್ಲ. ಸಾಕುವುದಿಲ್ಲ, ತಿನ್ನುವುದಿಲ್ಲ, ಮೊಟ್ಟೆಯನ್ನು ಮುಟ್ಟುವುದೂ ಇಲ್ಲ. ಶಾಲೆಯಲ್ಲಿ ಮೊಟ್ಟೆ ಹಂಚುವ ದಿನ ಮಕ್ಕಳೆಲ್ಲ ಬಾಳೆಹಣ್ಣಿಗೇ ಕೈಯೊಡ್ಡುತ್ತಾರೆ.

“ಅವ್ರ್ಯಾರೂ ಜನ್ಮದಲ್ಲಿ ಮೊಟ್ಟೆ ತಿಂದೋರಲ್ಲ ಸರ್. ಅದ್ಯಾಕೆ ಕೇಳ್ಬೇಕು?”

“ಈ ಲಸಿಕೆ ತಯಾರಾಗೋದೇ ಕೋಳಿಮೊಟ್ಟೆ ಒಳಗಲ್ವೇ? ವೈರಸ್ಸನ್ನ ಅದ್ರಲ್ಲಿ ಬೆಳೆಸ್ತಾರೆ. ಎಲ್ಲೋ ಒಂಚೂರು ಅಂಶ ಉಳಿದಿರುತ್ತೆ. ತೊಂದ್ರೆ ಅಪರೂಪ, ಆದ್ರೂ ಕೇಳೋದು ಒಳ್ಳೇದು.”

ಮಾಲಾಳ ನಗು ಅಲ್ಲೇ ನಿಂತಿತು. ಹೋದ ವರ್ಷ ಈ ಕ್ಲಿನಿಕ್ಕಿಗೆ ನರ್ಸಾಗಿ ಸೇರಿದ ಹೊಸತರಲ್ಲಿ ಅವಳು ಕೈಯಾರೆ ತನ್ನ ಅಪ್ಪನಿಗೆ ಇದೇ ಸೂಜಿ ಚುಚ್ಚಿದ್ದಳು. ಅಪ್ಪ ಗಾದ್ರಪ್ಪ ದೇವರ ಎತ್ತುಗಳ ಕಿಲಾರಿ. ದೇವರ ಹೆಸರಿಗೆ ಬಿಟ್ಟ ದನಗಳನ್ನು ನಲವತ್ತು ವರ್ಷದಿಂದ ಬರಿಗಾಲಲ್ಲಿ ಮೇಯಿಸಿಕೊಂಡು ಬಂದವನು, ಹೊರಗಿನ ನೀರನ್ನೂ ಯೋಚಿಸಿ ಕುಡಿಯುವ ಮನುಷ್ಯ. ಕೋಳಿ ಮುಟ್ಟಿದವನು ಆ ದನಗಳ ರೊಪ್ಪದ ಮುಳ್ಳುಬೇಲಿ ದಾಟುವಂತಿಲ್ಲ.

“ಬೇರೆ ಥರದ್ದು ಇಲ್ವಾ ಸರ್?”

“ಮೊಟ್ಟೆ ಇಲ್ಲದ್ದೂ ಮಾಡ್ತಾರೆ. ನಮಗೆ ಬಂದಿರೋದು ಇದೊಂದೇ. ಯಾಕಮ್ಮಾ?”

“ಏನಿಲ್ಲ ಸರ್.”

ಡಾಕ್ಟರಿಗೇನು, ಹೇಳಿ ಕೈ ತೊಳೆದುಕೊಂಡರು. ಮಾಲಾ ಪರದೆ ಹಿಡಿದು ನಿಂತೇ ಇದ್ದಳು. ಎರಡು ವರ್ಷದ ಹಿಂದೆ ಇದೇ ಫ್ಲೂ ಜ್ವರ ಎದೆಗಿಳಿದು ಅಪ್ಪ ಹನ್ನೊಂದು ದಿನ ಆಕ್ಸಿಜನ್ ಮೇಲೆ ಮಲಗಿದ್ದ. ಇನ್ನೊಂದು ಸಲ ಹೀಗಾದರೆ ಕಷ್ಟ ಎಂದಿದ್ದರು ಆಸ್ಪತ್ರೆಯವರು. ಸೂಜಿ ಹಾಕಿಸಿಕೊಂಡ ಮೇಲೆ ಒಂದು ಕೆಮ್ಮೂ ಬರಲಿಲ್ಲ. ಅಪ್ಪ ಅದನ್ನು ಹಟ್ಟಿಗೆಲ್ಲ ಸಾರಿ, ಈ ವರ್ಷ ತನ್ನ ಜೊತೆ ನಾಲ್ವರನ್ನು ಕಟ್ಟಿಕೊಂಡು ಬಂದಿದ್ದ. ಸುಮ್ಮನೆ ಚುಚ್ಚಿಬಿಟ್ಟರೆ ಯಾರಿಗೂ ತಿಳಿಯದು. ಆದರೆ ಪ್ರತಿ ವರ್ಷ ಅಪ್ಪ ತೋಳು ಕೊಟ್ಟಾಗಲೂ ಅವಳಿಗೆ ತಿಳಿದಿರುತ್ತದೆ. ಅದು ಅವಳಿಂದಾಗಲಿಲ್ಲ. ಅಪ್ಪನನ್ನು ಕ್ಲಿನಿಕ್ಕಿನ ಹಿಂದಿದ್ದ ಜನರೇಟರ್ ಹತ್ತಿರ ಕರೆದೊಯ್ದು ಒಂದೇ ಉಸಿರಿಗೆ ಹೇಳಿಬಿಟ್ಟಳು.

ಗಾದ್ರಪ್ಪ ತನ್ನ ಎಡತೋಳನ್ನು ನೋಡಿಕೊಂಡ.

“ಹೋದ ವರ್ಷದ್ದೂ?”

“ಹೂಂ. ನಂಗೆ ಗೊತ್ತಿರ್ಲಿಲ್ಲಪ್ಪಾ.”

ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

“ಇದು ಗ್ಯಾರಂಟಿ ಕಾಯ್ತೈತಾ?”

“ಗ್ಯಾರಂಟಿ ಇಲ್ಲ. ವಯಸ್ಸಾದೋರಿಗೆ ಕಮ್ಮೀನೇ ಅಂತೆ. ಜ್ವರ ಬರ್ಬೇಕಾದ ಹತ್ತು ಜನದಾಗೆ ನಾಕು ಜನಕ್ಕೆ ತಡೀತೈತೆ. ಒಂದೊಂದು ವರ್ಷ ಅಷ್ಟೂ ಇಲ್ಲ. ಬಂದ್ರೂ ಆಸ್ಪತ್ರೆ ಸೇರೋದು ಕಮ್ಮಿ ಆಗ್ತೈತೆ.”

“ಹೋದ ವರ್ಷ ನಾನು ಆ ನಾಕರಾಗೆ ಇದ್ನಾ?”

“ಅದು ಯಾರಿಗೂ ಗೊತ್ತಾಗಲ್ಲಪ್ಪಾ. ಸೂಜಿಯಿಂದ ತಪ್ಪಿತೋ, ಬರೋದೇ ಇರ್ಲಿಲ್ವೋ.”

“ನಾನು ದೇವ್ರು ಕಾದ ಅಂದ್ಕಂಡಿದ್ದೆ,” ಎಂದ ಗಾದ್ರಪ್ಪ. “ಹೋದ ವರ್ಷದ್ದು ತಿಳೀದೆ ಆದದ್ದು. ತಣ್ಣೀರು ಹೊಯ್ಕಂಡು ತಪ್ಪಾತು ಅಂದ್ರೆ ದೇವ್ರು ಒಪ್ತಾನೆ. ಈವತ್ತು ತಿಳಿದೂ ತಿಳಿದೂ ತಗಂಡ್ರೆ, ರೊಪ್ಪದ ತಾವ ಯಾವ ಮುಖ ಇಟ್ಕಂಡು ಹೋಗ್ಲಿ?”

“ಎತ್ತು ಮೇಯ್ಸಾಕೆ ಬೇರೆಯೋರು ಸಿಗ್ತಾರೆ. ನಂಗೆ ನೀನೊಬ್ನೇ ಇರೋದು.” ಮಾಲಾಗೆ ಅಳು ತಡೆಯಲಾಗಲಿಲ್ಲ.

“ನಂಗೆ ಹೇಳಬಾರ್ದಿತ್ತು ಕಣವ್ವಾ ನೀನು,” ಎಂದ ಅಪ್ಪ ಮೆತ್ತಗೆ. “ಸುಮ್ನೆ ಚುಚ್ಚಿಬಿಡ್ಬೇಕಿತ್ತು.”

ಅಪ್ಪನ ಜೊತೆ ಬಂದಿದ್ದ ಬೊಮ್ಮಲಿಂಗಪ್ಪ ಹಿಂಬಾಗಿಲಲ್ಲಿ ಇಣುಕಿದ. “ಲೇ ಗಾದ್ರಾ, ನಮ್ಮನ್ನೆಲ್ಲ ಎಳ್ಕಂಬಂದು ನೀನೇ ಸೂಜಿಗೆ ಹೆದ್ರಿಕಂಡೇನ್ಲೇ?” ಎಂದು ನಗುವಷ್ಟರಲ್ಲಿ ಅವನಿಗೆ ಕೆಮ್ಮು ಹತ್ತಿ, ಗೋಡೆ ಹಿಡಿದುಕೊಂಡೇ ಒಳಗೆ ಹೋದ.

“ಅವ್ರಿಗೆ ಹೇಳಬ್ಯಾಡ,” ಎಂದ ಗಾದ್ರಪ್ಪ. “ಅವನೆದೆ ಕೇಳಿದ್ಯಲ್ಲ. ತಿಳೀದೋರಿಗೆ ದೋಷ ಇಲ್ಲ.”

“ನಂಗೆ ತಿಳಿದೈತಲ್ಲಪ್ಪಾ! ನಾನು ಹೆಂಗೆ ಚುಚ್ಚಲಿ ಅವ್ರಿಗೆ?”

“ನಂಗೆ ಚುಚ್ಚಿದಂಗೆ.”

ಮಾಲಾ ಮುಖ ತೊಳೆದುಕೊಂಡು ಬಂದಳು. ಬೊಮ್ಮಲಿಂಗಪ್ಪ ತೋಳು ಕೊಟ್ಟ. ಅವನ ಹಿಂದೆ ಇಬ್ಬರು ಕೊಟ್ಟರು. ನಾಲ್ಕನೆಯವಳು ಕೆಂಚಕ್ಕ; ಸೂಜಿ ತೆಗೆದ ಕೂಡಲೇ ಮಾಲಾಳ ತಲೆ ಮುಟ್ಟಿ, “ನಿನ್ನ ಹೊಟ್ಟೆ ತಣ್ಣಗಿರ್ಲಿ ನನ್ನವ್ವಾ,” ಎಂದಳು. ಮಾಲಾಗೆ ಆ ಮುದುಕಿಯ ಮುಖ ನೋಡುವ ಧೈರ್ಯ ಬರಲಿಲ್ಲ. ಹಟ್ಟಿಗೆ ಹೋದಾಗಲೆಲ್ಲ ಇವರ ಜಗಲಿ ದಾಟಿಯೇ ಮನೆ ಸೇರಬೇಕು.

“ಗಾದ್ರಣ್ಣಾ, ಇನ್ನ ನಿಂದೇ ಬಾಕಿ,” ಎಂದು ಕೆಂಚಕ್ಕ ಕೂಗಿದಳು.

ಅವನು ಪರದೆಯ ಒಳಗೆ ಬಂದು ಸ್ಟೂಲಿನ ಮೇಲೆ ಕೂತ. ಐದನೆಯ ಸಿರಿಂಜು ಮಾಲಾಳ ಕೈಯಲ್ಲಿತ್ತು. ಅಪ್ಪನ ಮುಖ ನೋಡುತ್ತಾ ನಿಂತಳು, ಬೇಡುವವಳ ಹಾಗೆ. ಗಾದ್ರಪ್ಪ ಬೇಡವೆಂದು ತಲೆಯಾಡಿಸಿದ. ಟ್ರೇಗೆ ಕೈ ಹಾಕಿ ಒಂದು ಹತ್ತಿಯ ಉಂಡೆ ತೆಗೆದುಕೊಂಡು, ಅಂಗಿಯ ತೋಳನ್ನು ಮೇಲೆ ಮಡಚಿಕೊಂಡೇ ಹೊರಗೆ ಹೋದ.

ಬೆಂಚಿನ ಮೇಲೆ ಐದೂ ಜನ ಸಾಲಾಗಿ ಎಡತೋಳು ಒತ್ತಿಕೊಂಡು ಕೂತರು.

“ಹೆಂಗಾತು?” ಎಂದ ಬೊಮ್ಮಲಿಂಗಪ್ಪ.

“ಈ ಸಲ ಗೊತ್ತೇ ಆಗ್ಲಿಲ್ಲ,” ಎಂದು ಗಾದ್ರಪ್ಪ ಹತ್ತಿಯನ್ನು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡ.